ಒಂದು ಕೈ, ಎರಡು ಲೋಟ

ಹ್ಯಾನೋವರ್ ಸೀಮೆಯ ಬ್ರೂಕ್‌ಹೋರ್ಸ್ಟ್ ಊರಿನಲ್ಲಿ ಗೇಶೆಯ ಬಲಗೈ ನೋಡಿ ನಗದವರಿಲ್ಲ. ನಡುಬೆರಳು, ಉಂಗುರಬೆರಳು ಎರಡೂ ಜಗಳಾಡಿದ ಅಕ್ಕತಂಗಿಯರ ಹಾಗೆ ಆಚೆಗೊಂದು ಈಚೆಗೊಂದು ತಿರುಗಿ ನಿಂತಿವೆ. ಮಡಿಚಿದರೆ ಪೂರ್ತಿ ಮಡಿಚುವುದಿಲ್ಲ, ಚಾಚಿದರೆ ಪೂರ್ತಿ ಚಾಚುವುದಿಲ್ಲ. ಅವಳು ಹದಿನೈದರ ಹುಡುಗಿಯಾಗಿದ್ದಾಗ ಹಂದಿ ನೇತುಹಾಕುವ ಏಣಿ ಜಾರಿ ಕೈಮೇಲೆ ಬಿತ್ತು ಎಂಬುದು ಊರಿಗೆಲ್ಲ ಗೊತ್ತಿರುವ ಕಥೆ. ಆ ಕಥೆ ಶುದ್ಧ ಸುಳ್ಳು. ಏಣಿ ಗೋಡೆಗೆ ಒರಗಿದ್ದಲ್ಲೇ ಒರಗಿತ್ತು. ಕೈಮೇಲೆ ಬಿದ್ದದ್ದು ಅವಳ ಅಪ್ಪ ಹಿನರ್ಕನ ಮಸೆಗೋಲು, ಚಾಕು ಮಸೆಯುವ ಉಕ್ಕಿನ ಕೋಲು.

ಹಿನರ್ಕ್ ಬ್ರಾಕೆಲ್‌ಮನ್ ನಮ್ಮ ಕಡೆಯ ಮನೆಗಟುಕ. ಚಳಿಗಾಲ ಬಂತೆಂದರೆ ಅವನದೇ ರಾಜ್ಯ. ರೈತರ ಅಂಗಳಕ್ಕೆ ಬೆಳಗ್ಗೆ ಹೋಗಿ ಹಂದಿಯನ್ನು ಕೆಡವಿ, ಕತ್ತು ಸೀಳಿ, ಕುದಿನೀರಿನ ತೊಟ್ಟಿಯಲ್ಲಿ ಹೊರಳಿಸಿ, ಕೂದಲು ಹೆರೆದು, ಏಣಿಗೆ ತಲೆಕೆಳಗಾಗಿ ಕಟ್ಟಿ ಎತ್ತಿ ನಿಲ್ಲಿಸುತ್ತಿದ್ದ. ಹಂದಿ ಏಣಿ ಹತ್ತಿತು ಎಂದ ಕೂಡಲೇ ಮನೆಯ ಯಜಮಾನ ಎಲ್ಲರಿಗೂ ಒಂದೊಂದು ಸಾರಾಯಿ ಸುರಿಯಬೇಕು, ಅದು ರೂಢಿ. ಹೆಂಡತಿ ಅಲ್ಮುಟ್ ಬಕೆಟ್ಟಿನಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ಕೈಯಾಡಿಸುತ್ತ ನಿಂತಿರುತ್ತಿದ್ದಳು. ಮಗಳು ಗೇಶೆ ಹಗ್ಗ ಹಿಡಿಯುತ್ತಿದ್ದಳು.

ಆ ದಿನ ಹಗ್ಗ ಜಾರಿತು. ಹೆರೆದು ಬೆಳ್ಳಗೆ ಮಾಡಿದ್ದ ಹಂದಿ ಕೆಸರು ಹಿಮದಲ್ಲಿ ದೊಪ್ಪನೆ ಬಿತ್ತು. ರೈತ ಹೊಟ್ಟೆ ಹಿಡಿದುಕೊಂಡು ನಕ್ಕು, ಬಾಟಲಿ ತರಲು ಒಳಗೆ ಹೋದ. ಹಿನರ್ಕ್ ನಗಲಿಲ್ಲ. ಮಗಳ ಮಣಿಕಟ್ಟು ಹಿಡಿದು ಕೊಯ್ಯುವ ಮೇಜಿನ ಮೇಲಿಟ್ಟು, ಸೊಂಟದಿಂದ ಮಸೆಗೋಲು ಕಿತ್ತು ಬಾರಿಸಿದ. ಒಂದು ಏಟಿಗೆ ಅವಳು ಕಿರುಚಿದಳು. ಇನ್ನೊಂದು ಏಟಿಗೆ ಕಿರುಚಲೂ ಆಗಲಿಲ್ಲ. ರೈತ ಬಾಟಲಿ ಹಿಡಿದು ಹೊರಗೆ ಬರುವಷ್ಟರಲ್ಲಿ, ಯಾರೂ ಕೇಳುವ ಮೊದಲೇ, ರಕ್ತದ ಬಕೆಟ್ಟಿನಿಂದ ಕೈ ತೆಗೆಯದೆಯೇ ಅಲ್ಮುಟ್ ಹೇಳಿದಳು: "ಏಣಿ ಜಾರಿಬಿಡ್ತು."

ಗೇಶೆಗೆ ಕೋಲಿನ ಏಟು ನೋಯಿಸಿದ್ದು ಒಂದು ಬಗೆ. ಆ ಮಾತು ನೋಯಿಸಿದ್ದು ಇನ್ನೊಂದು ಬಗೆ, ಮತ್ತು ಅದು ವಾಸಿಯಾಗಲಿಲ್ಲ.

ವಾಸಿಯಾಗಲು ಊರೂ ಬಿಡಲಿಲ್ಲವೆನ್ನಿ. ನಮ್ಮ ಕಡೆ ಬೇಸಿಗೆಯ ಬಂದೂಕಿನ ಹಬ್ಬವೆಂದರೆ ಹಸಿರು ಕೋಟು, ತುತ್ತೂರಿ, ಗುರಿಹಲಗೆ, ಆಮೇಲೆ ಡೇರೆಯೊಳಗೆ ಲ್ಯುಟ್ಯೆ ಲಾಗೆ ಎಂಬ ಕುಡಿತದ ಆಟ. ಕುಡಿಯುವುದಕ್ಕೂ ವಿದ್ಯೆ ಬೇಕೆಂದು ಹಟ ಹಿಡಿದ ಜನ ನಾವು. ಬಲಗೈ ಒಂದರಲ್ಲೇ ಎರಡು ಲೋಟ ಹಿಡಿಯಬೇಕು: ಹೆಬ್ಬೆರಳು ತೋರುಬೆರಳಿನ ನಡುವೆ ಬಿಯರಿನ ಪುಟ್ಟ ಲೋಟ, ನಡುಬೆರಳು ಉಂಗುರಬೆರಳಿನ ನಡುವೆ ಅದಕ್ಕಿಂತ ಪುಟ್ಟದಾದ ಸಾರಾಯಿ ಲೋಟ. ಒಟ್ಟಿಗೆ ಬಗ್ಗಿಸಿದರೆ ಸಾರಾಯಿ ಬಿಯರಿಗಿಳಿದು ಬಿಯರು ಬಾಯಿಗಿಳಿಯಬೇಕು, ಎದೆಗೆ ಹನಿ ಬೀಳಬಾರದು. ಬೀಳಿಸಿಕೊಂಡವರ ಕೊರಳಿಗೆ ಎಳೆಮಕ್ಕಳ ಜೊಲ್ಲುಬಟ್ಟೆ ಕಟ್ಟಿ ಕೂರಿಸುತ್ತಾರೆ. ಹಿನರ್ಕ್ ಇದರಲ್ಲಿ ಪಂಟ. ಜಗಳದ ಮಧ್ಯೆಯೂ ಹನಿ ಚೆಲ್ಲದೆ ಕುಡಿಯುತ್ತಿದ್ದ. ಅವನ ಮಗಳಿಗೆ ಲೋಟ ಹಿಡಿಯುವ ಆ ಎರಡು ಬೆರಳೇ ಇಲ್ಲದ ಹಾಗಾಗಿತ್ತು.

"ಹಿನರ್ಕನ ಮಗಳು ಬಂದ್ಲು, ತೆಗೀರೋ ಬಟ್ಟೆ!" ಎಂದು ಪ್ರತಿ ಹಬ್ಬಕ್ಕೂ ಕೂಗುತ್ತಿದ್ದವನು ಬೇಕರಿಯ ಲ್ಯೂಡರ್. ಹಬ್ಬ ನಡೆಸುವ ಬಂದೂಕಿನ ಸಂಘದ ಜೊಲ್ಲುಬಟ್ಟೆಗಳೆಲ್ಲ ಅವನ ಸುಪರ್ದಿನಲ್ಲಿದ್ದವು. "ಹಂದಿ ಏಣಿ ಹತ್ತಬೇಕಮ್ಮಾ, ಏಣಿ ನಿನ್ನ ಮೇಲೆ ಹತ್ತಬಾರದು!" ಡೇರೆಯೆಲ್ಲ ನಗುತ್ತಿತ್ತು. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ಹಿನರ್ಕ್. ನನ್ನನ್ನು ಕೇಳಿದರೆ, ಮುರಿದದ್ದನ್ನು ಕ್ಷಮಿಸಬಹುದು, ಆ ನಗುವನ್ನಲ್ಲ.

ಇಪ್ಪತ್ತು ದಾಟಿದ ಮೇಲೆ ಒಂದು ದಿನ, ಅಪ್ಪ ಅಮ್ಮನ ಜುಟ್ಟು ಹಿಡಿದು ಗೋಡೆಗೆ ಗುದ್ದುತ್ತಿದ್ದಾಗ, ಗೇಶೆ ಕೂದಲು ಹೆರೆಯುವ ತಗಡಿನಿಂದ ಅವನ ಬಾಯಿಗೆ ಬಿಟ್ಟಳು. ಮುಂದಿನ ಎರಡು ಹಲ್ಲು ನೆಲಕ್ಕೆ ಬಿದ್ದವು. ಅದೇ ಸಂಜೆ ಹ್ಯಾನೋವರ್‌ನ ರೈಲು ಹತ್ತಿದಳು. ಗೊತ್ತಿದ್ದದ್ದು ಒಂದೇ ಕೆಲಸ, ನಗರದಂಚಿನ ಕಸಾಯಿ ಕಾರ್ಖಾನೆಗೆ ಸೇರಿದಳು. ಎಡಗೈಯಲ್ಲಿ ಚಾಕು ಹಿಡಿಯುವುದನ್ನು ಕಲಿತಳು. ಸೊಂಟ ಮುಟ್ಟಿದ ಮೇಸ್ತ್ರಿಯ ತಲೆಯನ್ನು ಕರುಳಿನ ತೊಟ್ಟಿಗೆ ಅದ್ದಿ ತೆಗೆದಳು. ಆಮೇಲೆ ಅಲ್ಲಿ ಯಾರೂ ಅವಳ ತಂಟೆಗೆ ಬರಲಿಲ್ಲ. ಒಬ್ಬ ಲಾರಿ ಚಾಲಕನ ಜೊತೆ ಕೆಲವು ಕಾಲ ಸಂಸಾರವನ್ನೂ ಮಾಡಿದಳು. ಸಾರು ಹೊತ್ತಿಸಿದ ಎಂಬ ಒಂದು ಕೆಲಸಕ್ಕೆ ಬಾರದ ಕಾರಣಕ್ಕೆ ಅವನ ಕೆನ್ನೆಗೆ ಬಾರಿಸಿದ ದಿನ, ಅವನು ಮುಖ ಮುಚ್ಚಿಕೊಂಡ ರೀತಿಯಲ್ಲಿ ಅವಳಿಗೆ ಅಮ್ಮ ಕಂಡಳು. ಅವನನ್ನು ಆಚೆ ಕಳಿಸಿದ್ದು ಸಿಟ್ಟಿನಿಂದಲ್ಲ, ತನ್ನ ಕೈಯ ಭಯದಿಂದ.

ಊರಿಗೆ ಬರುತ್ತಿದ್ದದ್ದು ಅಪ್ಪ ಹೆಂಡದಂಗಡಿಯಲ್ಲಿರುವ ಹೊತ್ತು ನೋಡಿಕೊಂಡು. ಅಮ್ಮನ ಜೊತೆ ಕಾಫಿ, ಕೇಕು, ಎರಡು ಮಾತು. ಒಂದು ಸಲ ಅಮ್ಮ ಹೇಳಿದಳು: "ಅಪ್ಪನಿಗೆ ರಕ್ತದ ಕ್ಯಾನ್ಸರು ಕಣೆ. ಔಷಧಿ ಕೊಡ್ತಿದಾರೆ."

"ಸಾಯ್ತಾನಾ?"

"ಇಲ್ಲವಂತೆ. ವಾಸಿಯಾಗುತ್ತಂತೆ."

"ಹೌದಾ. ಕೇಕು ಚೆನ್ನಾಗಿದೆ," ಎಂದಳು ಗೇಶೆ.

ಕ್ಯಾನ್ಸರೇನೋ ಹಿಂದೆ ಸರಿಯಿತು. ಆದರೆ ಆ ಔಷಧಿಗಳು ಅದರ ಜೊತೆಗೆ ರೋಗ ತಡೆಯುವ ಮೈಯ ಕಾವಲು ಕಣಗಳನ್ನೂ ಗುಡಿಸಿ ಹಾಕಿದ್ದವು. ಅದು ಯಾರಿಗೂ ಹೊಳೆಯಲಿಲ್ಲ. ಮುಂದಿನ ಬಂದೂಕಿನ ಹಬ್ಬದಲ್ಲಿ, ಹಸಿರು ಕೋಟು ತೊಟ್ಟು ಮೇಜಿನ ಮೊದಲ ಜಾಗದಲ್ಲಿ ಕೂತ ಹಿನರ್ಕ್ ಎರಡು ಲೋಟ ಎತ್ತಿದ. ಸಾರಾಯಿ ಲೋಟ ಬೆರಳಿನಿಂದ ಜಾರಿ ಎದೆಮೇಲೆ ಬಿತ್ತು, ಅದರ ಹಿಂದೆಯೇ ಬಿಯರೂ ಬಿತ್ತು. ಅವನು ಮತ್ತೆ ಎತ್ತಿದ. ಮತ್ತೆ ಜಾರಿತು.

"ಪಂಟನಿಗೇ ವಯಸ್ಸಾಯ್ತಲ್ಲೋ! ಬಾ ಕಂದಾ, ಬಟ್ಟೆ ಕಟ್ತೀನಿ," ಎಂದು ಲ್ಯೂಡರ್ ಹಿಂದಿನಿಂದ ಬಂದು ಜೊಲ್ಲುಬಟ್ಟೆ ಕಟ್ಟಿದ. ಗಂಟು ಬಿಗಿಯುವ ಮೊದಲೇ ಹಿನರ್ಕನ ತಲೆ ಹಿಂದಕ್ಕೆ ಬಡಿದು ಲ್ಯೂಡರನ ಮೂಗು ಮುರಿಯಿತು. ಕೆಳಗೆ ಬಿದ್ದವನ ಮೇಲೆ ಕೂತು ಎಡಗೈಯಿಂದ ಗುದ್ದುತ್ತಲೇ ಹೋದ. ತುತ್ತೂರಿಯವರು, ಗುರಿಕಾರರು ಎಲ್ಲ ಸೇರಿ ಎಳೆದರು. ಸಂಘ ಅವನ ಹಸಿರು ಕೋಟನ್ನು ಕಳಚಿಸಿ ಮನೆಗೆ ಅಟ್ಟಿತು. ಬಲಗೈಯವನಾದ ಅವನು ಎಡಗೈಯಲ್ಲಿ ಏಕೆ ಗುದ್ದಿದ ಎಂದು ಒಬ್ಬನೂ ಕೇಳಲಿಲ್ಲ.

ಕೇಳುವುದು ಹೇಗೆ? ನಮ್ಮೂರಿನ ನ್ಯಾಯವೇ ಹಾಗೆ. ಎರಡು ಲೋಟ ಹಿಡಿಯಲಾಗದ ಗಂಡಸು ಕುಡುಕನಾಗಿದ್ದಾನೆಂದೇ ಲೆಕ್ಕ. ಕೈ ನಡುಗಿದರೆ ಕುಡಿತ. ಕಾಲು ಎಳೆದರೆ ಕುಡಿತ. ಮಾತು ತೊದಲಿದರೆ ಬೆಳಗ್ಗೆಯೇ ಏರಿಸಿದ್ದಾನೆ. ಅಲ್ಮುಟ್ ಮನೆಯ ಬಾಟಲಿಗಳನ್ನೆಲ್ಲ ಕೋಳಿಗೂಡಿನಲ್ಲಿ ಬಚ್ಚಿಟ್ಟಳು. ಹಿನರ್ಕ್ ಮೆಟ್ಟಿಲಿಂದ ಬಿದ್ದಾಗ ಪಕ್ಕದ ಮನೆಯವರು ಕಿಟಕಿ ಮುಚ್ಚಿಕೊಂಡರು. ಅವನು ಮಾತ್ರ "ಕುಡಿದಿಲ್ಲ" ಎಂದು ಹೇಳಲಿಲ್ಲ. ಕುಡುಕ ಎಂಬುದು ಅವನಿಗೆ ಸಹಿಸಬಹುದಾದ ಮಾತು, ಕೈಲಾಗದವನು ಎಂಬುದು ಸಹಿಸಲಾಗದ್ದು.

ಗೇಶೆಯೂ ಊರಿನವಳೇ ತಾನೆ, ಅವಳೂ ಹಾಗೆಯೇ ತಿಳಿದಿದ್ದಳು. ಒಂದು ಭಾನುವಾರ ಅವಳು ಗೇಟಿನ ಬಳಿ ಅಮ್ಮನಿಗೆ ವಿದಾಯ ಹೇಳುತ್ತಿದ್ದಾಗ ಹಿನರ್ಕ್ ತೂರಾಡುತ್ತ ಬಂದ. "ಮತ್ತೆ ಕುಡಿದ್ಯಾ?" ಎಂದಳು ಅಲ್ಮುಟ್. ಅವನು ಏನೋ ಹೇಳಲು ಬಾಯಿ ತೆರೆದ, ಮಾತು ಹೊರಡಲಿಲ್ಲ. ಹೊರಡದ ಮಾತಿನ ಬದಲು ಎಡಗೈ ಹೊರಟಿತು. ಅಲ್ಮುಟ್ ಬೇಲಿಗೆ ಬಡಿದು ಕುಸಿದಳು.

ಗೇಶೆ ಬಾರಿಸಿದಳು. ಹಂದಿ ಕೆಡವುವವಳ ಏಟು ಅದು, ದವಡೆಯ ಕೆಳಗೆ, ಮೈಯ ಭಾರವೆಲ್ಲ ಹಾಕಿ. ಅವನು ಹುಲ್ಲಿನ ಮೇಲೆ ಮಗುಚಿಕೊಂಡ. ಅವಳಿಗೆ ಅಷ್ಟು ವರ್ಷದಲ್ಲಿ ಮೊದಲ ಸಲ ಎದೆ ತಣ್ಣಗಾಯಿತು. ಇದನ್ನು ಅವಳು ಆಮೇಲೂ ಯಾರ ಹತ್ತಿರವೂ ಮುಚ್ಚಿಡಲಿಲ್ಲ. ಪಕ್ಕೆಗೆ ಒದ್ದಳು. ಇನ್ನೊಮ್ಮೆ ಒದ್ದಳು.

"ಏಳೋ! ಹೆಂಗಸ್ರ ಮೇಲೆ ಏಳುತ್ತಲ್ಲ ಕೈ, ಈಗ ಏಳೋ!"

ಅವನು ಏಳಲು ನೋಡಿದ. ಎಡಗಾಲು ಹುಲ್ಲನ್ನು ಕೆರೆಯಿತು. ಬಲಗಾಲು ಅಲ್ಲಾಡಲಿಲ್ಲ. ಕಾಲರು ಹಿಡಿದೆತ್ತಲು ಬಗ್ಗಿದ ಗೇಶೆಯ ಮುಖಕ್ಕೆ ಅವನ ಉಸಿರು ಬಡಿಯಿತು. ಅದರಲ್ಲಿ ಸಾರಾಯಿಯ ವಾಸನೆಯೇ ಇರಲಿಲ್ಲ.

ನಗರದ ದೊಡ್ಡಾಸ್ಪತ್ರೆಯಲ್ಲಿ ತಲೆಯ ಚಿತ್ರ ತೆಗೆದರು. ಡಾಕ್ಟರ್ ನೆರ್ಮಿನ್ ಎಂಬ ಸಣ್ಣ ಆಳಿನ ಹೆಂಗಸು, ಮಾತಿನಲ್ಲಿ ಬೆಣ್ಣೆ ಹಚ್ಚದವಳು, ತಾಯಿ ಮಗಳಿಬ್ಬರನ್ನೂ ಕೂರಿಸಿಕೊಂಡು ಪರದೆ ತೋರಿಸಿದಳು. ಮೆದುಳಿನೊಳಗೆ ಅಲ್ಲಲ್ಲಿ ಬಿಳಿ ಮಚ್ಚೆ.

"ನಾನು ಹೊಡೆದದ್ದು," ಎಂದಳು ಗೇಶೆ. ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡಿದ್ದಳು.

"ದವಡೆಯ ಬಿರುಕು ನಿಮ್ಮದು. ಪಕ್ಕೆಲುಬೂ ನಿಮ್ಮದೇ. ಇದು ನಿಮ್ಮದಲ್ಲ, ವೈರಸ್ಸಿನದು. ನಿಮ್ಮ ಮೈಯಲ್ಲೂ ಇರಬಹುದು, ನನ್ನ ಮೈಯಲ್ಲೂ. ಚಿಕ್ಕಂದಿನಲ್ಲಿ ಸೇರಿಕೊಂಡು ಮೂತ್ರಪಿಂಡದಲ್ಲಿ ಮಲಗಿರುತ್ತೆ, ಯಾರಿಗೂ ತೊಂದರೆಯಿಲ್ಲ. ಕಾವಲು ಕಣಗಳು ಸತ್ತಾಗ ಎಲ್ಲೋ ಅಪರೂಪಕ್ಕೆ ಮೆದುಳಿಗೆ ಏರುತ್ತೆ. ಏರಿದ್ರೆ ನರಗಳ ಹೊದಿಕೆ ತಿನ್ನುತ್ತಾ ಹೋಗುತ್ತೆ. ಮೊದಲು ಕೈ ಹೋಗಿದೆ, ಆಮೇಲೆ ಕಾಲು. ಈಗ ಮಾತು ಹೋಗ್ತಿದೆ."

"ಔಷಧಿ?" ಎಂದಳು ಅಲ್ಮುಟ್.

"ಇಲ್ಲ." ನೆರ್ಮಿನ್ ಪರದೆ ಆರಿಸಿ ಹೇಳಿದಳು: "ಒಂದು ದಾರಿಯಿದೆ, ಇನ್ನೂ ಪರೀಕ್ಷೆಯಲ್ಲಿದೆ. ಹತ್ತಿರದ ರಕ್ತಸಂಬಂಧಿಯ ರಕ್ತದಿಂದ ಕಾವಲು ಕಣ ತೆಗೆದು ಇವರಿಗೆ ಕೊಡೋದು. ಕೆಲವರಲ್ಲಿ ವೈರಸ್ಸನ್ನ ಹೊಡೆದು ಹಾಕಿದೆ. ಕೆಲವರಲ್ಲಿ ಏನೂ ಆಗಿಲ್ಲ. ಇವರಿಗೆ ಅಣ್ಣತಮ್ಮ ಇದಾರಾ?"

"ಸತ್ತುಹೋದ್ರು. ಇವಳೊಬ್ಬಳೇ," ಎಂದು ಅಲ್ಮುಟ್ ಮಗಳ ಕಡೆ ನೋಡಿದಳು.

"ಏನು ನೋಡ್ತೀಯಾ? ಏಣಿ ಹತ್ರ ಹೋಗಿ ರಕ್ತ ಕೇಳು," ಎಂದು ಗೇಶೆ ಎದ್ದು ಹೊರಟಳು.

ಅಲ್ಮುಟ್ ಓಣಿಯಲ್ಲಿ ಬೆನ್ನು ಹತ್ತಿದಳು. "ನಿಂತ್ಕೊಳ್ಳೇ! ನಿಮ್ಮಪ್ಪ ಕಣೇ ಅವನು."

"ಅಪ್ಪಾನಾ? ನಿನಗೆ ಗಂಡ. ನನಗೆ ಮಸೆಗೋಲು."

"ಅವತ್ತು ನಿಜ ಹೇಳಿದ್ರೆ ಮುಂದಿನ ಏಟು ನಿನ್ನ ತಲೆಗೆ ಬೀಳ್ತಿತ್ತು. ನನಗೆ ಬೇರೆ ದಾರಿ ಕಾಣಲಿಲ್ಲ."

"ಅವತ್ತು ಸರಿ. ಮಾರನೇ ದಿನ? ಮುಂದಿನ ವರ್ಷ? ಅವರೆಲ್ಲ ನನಗೆ ಬಟ್ಟೆ ಕಟ್ಟಿ ನಗ್ತಿದ್ದಾಗ ನೀನೂ ಅಲ್ಲೇ ಕೂತಿದ್ದೆಯಲ್ಲಮ್ಮಾ, ತಟ್ಟೆ ಹಿಡ್ಕೊಂಡು."

ಗೇಶೆ ಕಾರ್ಖಾನೆಗೆ ಹೋದಳು. ಆ ವಾರ ಅವಳ ಚಾಕುವಿನ ಹತ್ತಿರ ನಿಲ್ಲಲು ಜೊತೆಗಾರರೂ ಹಿಂಜರಿದರು. ಸಾಯಲಿ ಎಂದು ಅವಳು ಬಾಯಿಬಿಟ್ಟೇ ಹೇಳಿಕೊಂಡಳು. ಹೇಳಿಕೊಂಡಷ್ಟೂ ಒಂದು ವಿಷಯ ಅಡ್ಡ ಬರುತ್ತಿತ್ತು. ಅವನು ಸತ್ತರೆ ಏಣಿಯ ಕಥೆ ಗೆದ್ದಂತೆ. ಕೈ ಮುರಿದದ್ದು ತಾನೇ ಎಂದು ಅವನು ತನ್ನ ಬಾಯಿಂದ, ನಕ್ಕವರೆಲ್ಲರ ಎದುರಿಗೆ ಹೇಳಬೇಕು. ಅವಳಿಗೆ ಬೇಕಾಗಿದ್ದದ್ದು ಅಷ್ಟೇ, ಅದನ್ನು ಬಿಟ್ಟು ಬೇರೇನೂ ಬೇಕಾಗಿರಲಿಲ್ಲ. ವೈರಸ್ಸು ಈಗ ಆ ಬಾಯಿಯನ್ನೇ ತಿನ್ನುತ್ತಿತ್ತು.

ಕೆಲಸ ಮುಗಿಸಿ, ರಬ್ಬರು ಬೂಟನ್ನೂ ಕಳಚದೆ ಆಸ್ಪತ್ರೆಗೆ ಬಂದಳು. ಹಿನರ್ಕ್ ಹಾಸಿಗೆಯಲ್ಲಿ ಒಂದು ಪಕ್ಕಕ್ಕೆ ವಾಲಿಕೊಂಡಿದ್ದ. ಅವಳು ತನ್ನ ಬಲಗೈಯನ್ನು ಅವನ ಮೂಗಿನ ಹತ್ತಿರ ಹಿಡಿದಳು.

"ಇದನ್ನ ಯಾರು ಮುರಿದದ್ದು? ಹೇಳು. ಮಾತು ಪೂರ್ತಿ ಹೋಗೋ ಮುಂಚೆ ಹೇಳಿಬಿಡು."

ಅವನ ತುಟಿಗಳು ಗುದ್ದಾಡಿದವು. ಕತ್ತಿನ ನರ ಉಬ್ಬಿತು. ಕೊನೆಗೆ ಬಂದ ಮಾತು: "ಏ... ಣಿ."

ಸುಳ್ಳು ಹೇಳಿದನೋ, ನಾಲಗೆಯಲ್ಲಿ ಉಳಿದಿದ್ದ ಮಾತೇ ಅದೊಂದೋ, ಯಾರು ಬಲ್ಲರು. ಗೇಶೆಗೆ ಅದನ್ನು ಯೋಚಿಸುವಷ್ಟು ತಾಳ್ಮೆ ಇರಲಿಲ್ಲ. ಅವಳ ಎಡಗೈ ಅವನ ಗಂಟಲಿಗೆ ಹೋಯಿತು. ಅವನ ಕಣ್ಣುಗಳು ಹೊರಗುಬ್ಬಿದವು. ಆದರೂ ಅವನು ಅವಳನ್ನು ದಿಟ್ಟಿಸಿಯೇ ನೋಡುತ್ತಿದ್ದ, ಕೈ ಅಡ್ಡ ತರಲಿಲ್ಲ. ಒಬ್ಬ ನರ್ಸು ಕಿರುಚಿದಳು. ಆಸ್ಪತ್ರೆಯ ಆಳೊಬ್ಬ ಬಂದು ಗೇಶೆಯ ಸೊಂಟ ಹಿಡಿದು ಹಿಂದಕ್ಕೆಳೆದ. ಇಬ್ಬರೂ ನೆಲಕ್ಕೆ ಬಿದ್ದರು. ಸಲೈನಿನ ಕಂಬ ಅವರ ಮೇಲೆ ಬಿತ್ತು.

ಗದ್ದಲ ಕೇಳಿ ಓಡಿಬಂದ ನೆರ್ಮಿನ್ ಬಾಗಿಲಲ್ಲಿ ನಿಂತಳು. "ಪೊಲೀಸರನ್ನ ಕರೀಲಾ?"

"ನನ್ನ ರಕ್ತ ತಗೊಳ್ಳಿ," ಎಂದಳು ಗೇಶೆ, ನೆಲದ ಮೇಲೆ ಕೂತೇ.

"ಈಗ ತಾನೇ ಅವರ ಕತ್ತು ಹಿಸುಕಿದ್ರಿ."

"ಈ ಬಾಯಿ ನನಗೆ ಬೇಕು ಡಾಕ್ಟ್ರೇ. ಮಾತಾಡಬೇಕು ಇದು. ಅದಕ್ಕೆ ಎಷ್ಟು ರಕ್ತ ಬೇಕೋ ತಗೊಳ್ಳಿ."

ನೆರ್ಮಿನ್ ಪೊಲೀಸರನ್ನು ಕರೆಯಲಿಲ್ಲ. ಅದು ಸರಿಯೋ ತಪ್ಪೋ ಎಂದು ಆಸ್ಪತ್ರೆಯಲ್ಲಿ ಆಮೇಲೆ ಬಹಳ ಮಾತಾಯಿತು. ಅವಳು ಹಾಸಿಗೆಯ ಪಕ್ಕ ಕೂತು, ಹಿನರ್ಕನಿಗೆ ಎಲ್ಲವನ್ನೂ ನಿಧಾನವಾಗಿ ಬಿಡಿಸಿ ಹೇಳಿದಳು. ಒಪ್ಪಿಗೆಯಾದರೆ ತನ್ನ ಕೈ ಅದುಮಬೇಕೆಂದಳು. ಅವನು ಅವಳ ಕೈ ಕೊಡವಿ, ಊಟದ ತಟ್ಟೆಯನ್ನು ಗೋಡೆಗೆ ಎಸೆದ. ಆಲೂಗಡ್ಡೆ ಗೋಡೆಯಲ್ಲಿ ಅಂಟಿಕೊಂಡಿತು.

"ಹೆದರಿಕೆ," ಎಂದಳು ಗೇಶೆ ಬಾಗಿಲಿನಿಂದ. "ಮಗಳ ರಕ್ತಕ್ಕೆ ಹೆದರ್ತಾನೆ ಮುದುಕ. ಊರಲ್ಲಿ ಹೇಳ್ತೀನಿ. ಲ್ಯೂಡರನಿಗೆ ಹೇಳ್ತೀನಿ, ಇನ್ನೊಂದು ಜೊಲ್ಲುಬಟ್ಟೆ ಹೊಲಿಸಲಿ."

ಹಿನರ್ಕ್ ಹಲ್ಲು ಕಚ್ಚಿದ. ಎಡತೋಳನ್ನು ಹಾಸಿಗೆಯಾಚೆಗೆ ಝಾಡಿಸಿ ಚಾಚಿದ, ಚುಚ್ಚು ಎನ್ನುವ ಹಾಗೆ. ಆಮೇಲೆ ನೆರ್ಮಿನ್ ಮತ್ತೆ ಕೇಳಿದಾಗ ಅವಳ ಕೈ ಅದುಮಿದ. ಸಣ್ಣ ಆಳಿನ ಡಾಕ್ಟರು ನೋವಿಗೆ ಮುಖ ಕಿವಿಚಿದಳು.

ಗೇಶೆಯ ಒಂದು ತೋಳಿನಿಂದ ರಕ್ತ ಯಂತ್ರಕ್ಕೆ ಹೋಗಿ ಇನ್ನೊಂದು ತೋಳಿಗೆ ವಾಪಸು ಬರುತ್ತಿತ್ತು. ಅಲ್ಲಾಡಬಾರದು. ಅಲ್ಲಾಡದೆ ಕೂತದ್ದು ಅವಳ ಜನ್ಮದಲ್ಲೇ ಅದೇ ಮೊದಲು.

"ಇದರಲ್ಲಿ ಬೇಕಾದ ಕಣ ಯಾವುದು ಅಂತ ಹೇಗೆ ಗೊತ್ತಾಗುತ್ತೆ?" ಎಂದು ಕೇಳಿದಳು.

"ವೈರಸ್ಸಿನ ಚೂರನ್ನ ಕಣಗಳಿಗೆ ತೋರಿಸ್ತೀವಿ," ಎಂದಳು ನೆರ್ಮಿನ್. "ಬಹಳಷ್ಟು ಕಣಗಳು ಸುಮ್ಮನಿರ್ತವೆ. ಕೆಲವಕ್ಕೆ ಮಾತ್ರ ಅದನ್ನ ನೋಡಿದ್ರೆ ಸಿಟ್ಟು ಬರುತ್ತೆ, ಮೈಮೇಲೆ ಗುರುತು ಮೂಡುತ್ತೆ. ಅವನ್ನೇ ಹೆಕ್ಕಿ ತೆಗೀತೀವಿ."

ಗೇಶೆ ಜೋರಾಗಿ ನಕ್ಕಳು, ಯಂತ್ರ ಕಿರ್ ಎಂದಿತು. "ನನ್ನ ಮೈಯಲ್ಲಿ ಸಿಟ್ಟು ಬರದ ಕಣ ಬೇರೆ ಇದೆಯಾ?"

ಆರಿಸಿ ತೆಗೆದ ಕಣಗಳೆಲ್ಲ ಸೇರಿ ಒಂದು ಸಿರಿಂಜಿನ ತಳಕ್ಕಿಷ್ಟು. ಇಷ್ಟೇನಾ ಎಂದಳು ಅಲ್ಮುಟ್. ಅದು ಹಿನರ್ಕನ ನರಕ್ಕೆ ಹೋಗುವಾಗ ಗೇಶೆ ಕಿಟಕಿಗೆ ಒರಗಿ, ತೋಳು ಕಟ್ಟಿಕೊಂಡು ನೋಡಿದಳು. ಹೋಗಿ, ಸರಿಯಾಗಿ ಹೊಡೀರಿ, ಎಂದು ಮನಸ್ಸಿನಲ್ಲೇ ತನ್ನ ಕಣಗಳಿಗೆ ಹೇಳಿದಳು.

ಮೊದಲು ಏನೂ ಆಗಲಿಲ್ಲ. ಎರಡನೆಯ ಸಲ ಕೊಟ್ಟರು. ಅದಾದ ಮೇಲೆ ಒಂದು ಮಧ್ಯಾಹ್ನ ಅವನ ಮೈ ಕಾದ ಹೆಂಚಾಯಿತು. ನೆರ್ಮಿನ್ ಮೊದಲೇ ಎಚ್ಚರಿಸಿದ್ದಳು: ಕಣಗಳು ವೈರಸ್ಸನ್ನು ಪತ್ತೆಹಚ್ಚಿದರೆ ಮೆದುಳಿನೊಳಗೇ ಹೊಡೆದಾಟ ಶುರುವಾಗುತ್ತದೆ, ಊದಿಕೊಳ್ಳುತ್ತದೆ, ಗೆದ್ದರೂ ಆ ಊತವೇ ಕೊಲ್ಲಬಹುದು. ಹಿನರ್ಕನ ಬೆನ್ನು ಬಿಲ್ಲಾಯಿತು. ಬಾಯಲ್ಲಿ ನೊರೆ. ಹಾಸಿಗೆ ಗೋಡೆಗೆ ಬಡಿದು ಬಡಿದು ಸುಣ್ಣ ಉದುರಿತು. ಹಿಡಿಯಲು ಹೋದ ನರ್ಸಿನ ತೋಳನ್ನು ಕಚ್ಚಿದ. ಗೇಶೆ ಅವನ ಮೇಲೆ ಅಡ್ಡಬಿದ್ದು ಎದೆಯನ್ನು ಒತ್ತಿ ಹಿಡಿದಳು. ಅವನ ಎಡಮುಷ್ಟಿ ಅವಳ ಮುಖಕ್ಕೆ ಅಪ್ಪಳಿಸಿತು. ತುಟಿ ಒಡೆದು ರಕ್ತ ಅವನ ಅಂಗಿಯ ಮೇಲೆ ಸುರಿಯಿತು. ಅವಳ ಎಡಗೈಯೂ ಮೇಲೆದ್ದಿತು.

ಎದ್ದ ಕೈ ಅಲ್ಲೇ ನಿಂತಿತು. ಈ ಏಟು ಅವನು ಬೇಕೆಂದು ಕೊಟ್ಟದ್ದಲ್ಲ. ತಿಳಿಯದೆ ಬಿದ್ದ ಏಟು ಹೇಗಿರುತ್ತದೆಂದು ಅವಳಿಗೆ ಆಗಲೇ ಗೊತ್ತಾದದ್ದು. ಎತ್ತಿದ ಕೈಯನ್ನು ಇಳಿಸಿ ಅವನ ತಲೆಯ ಕೆಳಗಿಟ್ಟಳು, ಕಬ್ಬಿಣದ ಸರಳಿಗೆ ಬಡಿಯದಿರಲಿ ಎಂದು. "ಸಾಯಬೇಡ್ವೋ," ಎಂದು ಕಿವಿಯಲ್ಲಿ ಕಿರುಚಿದಳು. "ಹಂದಿ ಸೂಳೇಮಗನೇ, ಹೇಳದೆ ಸಾಯಬೇಡ್ವೋ!" ಅವಳು ಅಳುತ್ತಿದ್ದಳು, ಅದು ಅವಳಿಗೆ ಗೊತ್ತಿರಲಿಲ್ಲ.

ಊತ ಇಳಿಸುವ ಔಷಧಿಯನ್ನು ನೆರ್ಮಿನ್ ಅಳೆದು ಅಳೆದು ಕೊಟ್ಟಳು. ಹೆಚ್ಚಾದರೆ ಗೇಶೆಯ ಕಣಗಳೇ ಸಾಯುತ್ತವೆ, ಕಡಿಮೆಯಾದರೆ ಹಿನರ್ಕ್ ಸಾಯುತ್ತಾನೆ. ಅವನು ಸಾಯಲಿಲ್ಲ. ಎಲೆ ಉದುರುವ ಹೊತ್ತಿಗೆ ಬೆನ್ನುಮೂಳೆಯ ನೀರಿನಲ್ಲಿ ವೈರಸ್ಸು ಸಿಗದಾಯಿತು. ಬಲಗೈ ಹೋದದ್ದು ಹೋಯಿತು. ಕಾಲು ಗಾಲಿಕುರ್ಚಿಯಿಂದ ಹಾಸಿಗೆಗೆ ದಾಟುವಷ್ಟು ಬಂತು. ಮಾತು ಒಂದೊಂದಾಗಿ ವಾಪಸಾಯಿತು, ಮೊದಲು ಬೈಗುಳ. ಅವನು ನೆರ್ಮಿನಳನ್ನು ಮೊದಲ ಸಲ "ಗೂಬೆ" ಎಂದಾಗ ಅವಳು ಓಣಿಗೆಲ್ಲ ಕೇಳುವಂತೆ ಚಪ್ಪಾಳೆ ತಟ್ಟಿದಳು.

ಮಗಳನ್ನು ಕಂಡಾಗ ಮಾತ್ರ ಅವನು ಬಾಯಿ ಬಿಗಿದುಕೊಳ್ಳುತ್ತಿದ್ದ. ಅವಳೂ ಮತ್ತೆ ಕೇಳಲಿಲ್ಲ. ಅವನು ಮನೆಗೆ ಮರಳಿದ ಮೇಲೆ ವಾರಕ್ಕೊಮ್ಮೆ ಬಂದು, ಗಡ್ಡ ಹೆರೆದು, ಬೈದು, ಹೋಗುತ್ತಿದ್ದಳು. ಅವನ ಕತ್ತಿನ ಮೇಲೆ ಅವಳ ಕೈಯಲ್ಲಿ ಕತ್ತಿ ಓಡುವುದನ್ನು ನೋಡಲಾರದೆ ಅಲ್ಮುಟ್ ಅಡಿಗೆಮನೆಗೆ ಹೋಗಿಬಿಡುತ್ತಿದ್ದಳು.

ಮತ್ತೆ ಬೇಸಿಗೆ ಬಂತು. ಬಂದೂಕಿನ ಹಬ್ಬಕ್ಕೆ ಹೋಗಲೇಬೇಕೆಂದು ಹಟ ಹಿಡಿದವನು ಹಿನರ್ಕನೇ. ಕೋಟಿಲ್ಲದೆ, ಬರೀ ಅಂಗಿಯಲ್ಲಿ, ಗಾಲಿಕುರ್ಚಿಯಲ್ಲಿ. ಗೇಶೆ ತಳ್ಳಿದಳು, ಅಲ್ಮುಟ್ ಪಕ್ಕದಲ್ಲಿ ನಡೆದಳು. ಡೇರೆಯೊಳಗೆ ಜನ ದಾರಿ ಬಿಟ್ಟರು. ಕುಡುಕ ಎಂದವರೆಲ್ಲ ಬಿಯರಿನ ನೊರೆ ನೋಡುತ್ತ ಕೂತರು. ಸೊಟ್ಟ ಮೂಗಿನ ಲ್ಯೂಡರ್ ಎದ್ದುಬಂದ. ಅವನೇನು ಕೆಟ್ಟವನಲ್ಲ, ಮೌನ ತಡೆದುಕೊಳ್ಳಲಾರದವನು ಅಷ್ಟೇ. ಎರಡು ಜೊಲ್ಲುಬಟ್ಟೆ ಹಿಡಿದುಕೊಂಡೇ ಬಂದಿದ್ದ.

"ಬಾರಯ್ಯ, ಮೂಗು ಮುರಿದದ್ದು ಮಾಫಿ. ಈಗ ಅಪ್ಪನಿಗೊಂದು, ಮಗಳಿಗೊಂದು. ಒಳ್ಳೆ ಜೋಡಿ! ಅವಳ ಕೈಮೇಲೆ ಏಣಿ ಬಿತ್ತು, ನಿನ್ನ ಕೈಮೇಲೆ ಏನಯ್ಯಾ ಬಿತ್ತು?"

ಜನಕ್ಕೆ ನಗಲು ಒಂದು ನೆವ ಬೇಕಾಗಿತ್ತು, ನಕ್ಕರು. ಗೇಶೆ ಅಭ್ಯಾಸಬಲದಿಂದ ಕೊರಳು ಬಗ್ಗಿಸಿದಳು. ಲ್ಯೂಡರ್ ಅವಳಿಗೆ ಬಟ್ಟೆ ಕಟ್ಟಿದ, ಮುಂದೆ ಎರಡು ಲೋಟ ಇಟ್ಟ.

ಹಿನರ್ಕನ ಎಡಮುಷ್ಟಿ ಮೇಜಿಗೆ ಬಿತ್ತು. ಲೋಟಗಳು ಕುಣಿದು ನಿಂತವು. ಲ್ಯೂಡರ್ ಮೂಗು ಮುಚ್ಚಿಕೊಂಡು ಹಿಂದೆ ಜಿಗಿದ.

"ಏಣಿ," ಎಂದ ಹಿನರ್ಕ್. ಬೆವರು ಹಣೆಯಿಂದ ಇಳಿಯುತ್ತಿತ್ತು. ಬಾಯಿ ಒಂದು ಕಡೆ ಎಳೆದುಕೊಂಡಿತ್ತು. ಜನ ಕಾದರು. "ಏಣಿ ಅಲ್ಲ."

"ಬಿಡೋ ಹಿನರ್ಕ್, ತಮಾಷೆಗೆ..." ಎಂದ ಲ್ಯೂಡರ್.

"ಮುಚ್ಚು! ಏಣಿ... ಬೀಳಲಿಲ್ಲ." ಅವನು ಎಡಗೈ ಚಾಚಿ ಮಗಳ ಸೊಟ್ಟ ಬೆರಳುಗಳನ್ನು ಹಿಡಿದು ಮೇಲೆತ್ತಿದ, ಎಲ್ಲರಿಗೂ ಕಾಣುವಂತೆ. "ಮಸೆಗೋಲು. ನಾನು. ಎರಡು... ಏಟು. ನಾನು. ಆಮೇಲೆ... ನಕ್ಕೆ."

ಅವತ್ತು ಹಂದಿ ಬಿದ್ದ ಅಂಗಳದ ರೈತನೂ ಅಲ್ಲೇ ಕೂತಿದ್ದ, ಈಗ ಮುದುಕ. ಅವನು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ.

"ಏಣಿ ಅಂತ ಹೇಳಿದವಳು ನಾನು," ಎಂದಳು ಅಲ್ಮುಟ್, ಯಾರೂ ಕೇಳದೆಯೇ. ಈ ಸಲ ಜೋರಾಗಿ ಹೇಳಿದಳು.

ಗೇಶೆ ಈ ಗಳಿಗೆಯನ್ನು ಎಷ್ಟು ಸಲ ಮನಸ್ಸಿನಲ್ಲಿ ಆಡಿಕೊಂಡಿದ್ದಳೋ. ಅವನು ಹೇಳಿದ ಮರುಕ್ಷಣ ಅವನ ಮುಖಕ್ಕೆ ಏನು ಮಾಡಬೇಕೆಂದು ಎಲ್ಲ ಗೊತ್ತುಮಾಡಿಟ್ಟಿದ್ದಳು. ಕೈಯನ್ನು ಅವನ ಹಿಡಿತದಿಂದ ಕಿತ್ತುಕೊಂಡಳು. ಎಡಗೈಗೆ ಸಿಕ್ಕಿದ್ದು ಲೋಟ. ಸಾರಾಯಿಯನ್ನು ಅವನ ಮುಖಕ್ಕೆ ಎರಚಿದಳು. ಅದರ ಹಿಂದೆಯೇ ಬಿಯರನ್ನೂ ಎರಚಿದಳು. ಖಾಲಿ ಲೋಟಗಳನ್ನು ನೆಲಕ್ಕೆ ಅಪ್ಪಳಿಸಿದಳು.

ಹಿನರ್ಕ್ ಅಲ್ಲಾಡಲಿಲ್ಲ. ಹುಬ್ಬಿನಿಂದ ತೊಟ್ಟಿಕ್ಕಿ ಕಣ್ಣಿಗಿಳಿಯಿತು. ಸಾರಾಯಿ ಕಣ್ಣನ್ನು ಸುಡುತ್ತದೆ. ಅವನು ಎಡಗೈಯಿಂದ ಒಂದು ಕಣ್ಣು ಉಜ್ಜಿಕೊಂಡ. ಇನ್ನೊಂದನ್ನು ಉಜ್ಜುವ ಹೊತ್ತಿಗೆ ಮೊದಲನೆಯದು ಮತ್ತೆ ಉರಿಯತೊಡಗಿತು, ಸತ್ತ ಬಲಗೈ ತೊಡೆಯ ಮೇಲೇ ಬಿದ್ದಿತ್ತು.

ಗೇಶೆ ಸ್ವಲ್ಪ ಹೊತ್ತು ಅದನ್ನು ನೋಡುತ್ತ ನಿಂತಳು. ಆಮೇಲೆ ತನ್ನ ಕೊರಳಿನ ಜೊಲ್ಲುಬಟ್ಟೆ ಬಿಚ್ಚಿ, ಅವನ ಗಲ್ಲ ಹಿಡಿದೆತ್ತಿ, ಒರಟಾಗಿ ಕಣ್ಣು ಒರೆಸಿದಳು. ಮೊದಲು ಒಂದು, ಆಮೇಲೆ ಇನ್ನೊಂದು.

"ಕಣ್ಣು ಮುಚ್ಕೋ," ಎಂದಳು. "ಉರಿಯುತ್ತೆ."

ಅವನು ಮುಚ್ಚಿಕೊಂಡ.